ನೂರಾ ನಾಲ್ಕಕ್ಕಿಂತ ಒಂಬತ್ತು ದೊಡ್ಡದು

ಚಿಕ್ಕಮಗಳೂರು, ಕಡೂರು ರಸ್ತೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಾಳು ಆರಿಸುವ ಹೆಂಗಸರು ನಲವತ್ತೊಂದು.
ಒಡಕು, ಕಪ್ಪು, ಹುಳ ಕೊರೆದದ್ದು ಬೇರೆ,
ಒಳ್ಳೆಯದು ಬೇರೆ.
ಅವರನ್ನು ಆರಿಸುವುದು
ಗಾಡ್ವಿನ್ ಬರೆದಿಟ್ಟು ಹೋದ ಒಂದು ಪರ್ಲ್ ಸ್ಕ್ರಿಪ್ಟು.
ಗಾಡ್ವಿನ್ ಮೂಡಿಗೆರೆಯಲ್ಲಿ ಟೈರಿನ ಅಂಗಡಿ ಇಟ್ಟ.
ಅವನ ಟಿಪ್ಪಣಿ ಒಂದೇ: ಮುಟ್ಟಬೇಡಿ, ಓಡುತ್ತಿದೆ.
ಸ್ಕ್ರಿಪ್ಟು, ತಕ್ಕಡಿ, ತಕ್ಕಡಿಯ ಪಕ್ಕದ ಕಾಲು ಕುಂಟುವ ಕುರ್ಚಿ
ನನ್ನ ಪಾಲಿಗೆ ಬಂದವು.

ಒಳಗಿರುವುದು ಇಷ್ಟೇ: ಹೆಸರಿನ ಡಬ್ಬಿ,
ಅದರೊಳಗೆ ವಾರದ ಡಬ್ಬಿ,
ಅದರೊಳಗೆ ಕೆ.ಜಿ.
ಹ್ಯಾಶ್ ಅಂತಾರೆ. ಅದಕ್ಕೆ ಮೊದಲು ಕೊನೆ ಎಂಬುದಿಲ್ಲ,
ಎಂಟು ಗಂಟೆಗೆ ಗೇಟು ತೆಗೆದಾಗ
ಇವರು ನುಗ್ಗುವ ಹಾಗೆ
ದಿನಕ್ಕೊಂದು ಥರ.

ಸಾಲಾಗಿ ನಿಲ್ಲಿ ಅಂದರೆ ಕೆ.ಜಿ. ಅಲುಗುವುದಿಲ್ಲ,
ಡಬ್ಬಿಯೂ ಅಲುಗುವುದಿಲ್ಲ.
ಹೆಸರುಗಳಷ್ಟೇ ಎದ್ದು ಬಂದು
ಗೋಡೆಯ ಹಾಳೆಯ ಮೇಲೆ ಒಂದರ ಕೆಳಗೊಂದು ನಿಲ್ಲುತ್ತವೆ.
ದ್ಯಾವಮ್ಮ ಅಲ್ಲೇ ಇರುತ್ತಾಳೆ, ಮೂರನೇ ಕಿಟಕಿಯ ಕೆಳಗೆ,
ಕಪ್ಪು ಕಾಳನ್ನು ಉಗುರಿನಲ್ಲಿ
ಮೊರದ ಅಂಚಿಗೆ ಸರಿಸುತ್ತ.

ಯುಗಾದಿಗೆ ಮೊದಲ ಐದು ಮಂದಿಗೆ ಕುಕ್ಕರ್ ಎಂದರು ಮ್ಯಾನೇಜರು.
ಪಟ್ಟಿ ಅಂಟಿಸಿದೆ. ಊಟಕ್ಕೆ ಹೋದೆ.
ಬರುವಷ್ಟರಲ್ಲಿ ಬಾಗಿಲಲ್ಲಿ ಜೈಬುನ್ನಿಸಾ,
ಉಪ್ಪಳ್ಳಿಯವಳು, ಪಟ್ಟಿಯ ಮೊದಲನೆಯವಳು.
"ಮೇಡಂ, ನಂದು ತೊಂಬತ್ತೇಳು.
ದ್ಯಾವಮ್ಮಂದು ನೂರಾ ನಾಲ್ಕು.
ಅವಳ್ಯಾಕೆ ತಳಕ್ಕೆ ಬಿದ್ದವಳೆ?"

ನೋಡಿದರೆ ಹೌದು.
ಅವಳ ಕೆಳಗೆ, ಎರಡನೆಯವಳಾಗಿ ಸುಗುಣ:
ಒಂದೇ ದಿನ ಬಂದು ಒಂಬತ್ತು ಕೆ.ಜಿ. ಆರಿಸಿ
ಸೊಂಟ ಹಿಡಿದುಕೊಂಡು ಮನೆಗೆ ಹೋದ ಹುಡುಗಿ.

ಗಾಡ್ವಿನ್ ಹೆಸರಿನ ಪ್ರಕಾರ ಜೋಡಿಸಿದ್ದ ಸಾಲಲ್ಲಿ
ಹೆಸರು ತೆಗೆದು ಕೆ.ಜಿ. ಕೂರಿಸಿದ್ದೆ.
ನಡುವಿನ ಸಿಎಂಪಿ ಹಾಗೇ ಬಿಟ್ಟಿದ್ದೆ.
ಅದಕ್ಕೆ ಜಗತ್ತೆಲ್ಲ ಅಕ್ಷರ.
ಮೊದಲ ಗುರುತು ನೋಡುತ್ತೆ, ಒಂಬತ್ತೋ ಒಂದೋ,
ಅಲ್ಲಿಗೇ ತೀರ್ಪು.
ಬೆನ್ನ ಹಿಂದೆ ಎಷ್ಟು ಅಂಕಿ ನಿಂತಿವೆಯೆಂದು
ಕತ್ತೆತ್ತಿ ನೋಡುವುದಿಲ್ಲ.

ಜೈಬುನ್ನಿಸಾಗೆ ಓದು ಬಾರದು, ಅಂಕಿ ಬರುತ್ತೆ.
ಓದು ಬಂದದ್ದೇ ತಪ್ಪಾಯಿತು ನನ್ನ ಯಂತ್ರಕ್ಕೆ.

ಮೂರಕ್ಷರ ಅಳಿಸಿ ಮೂರು ಗುರುತು ಇಟ್ಟೆ:
<=>
ತಕ್ಕಡಿಯೇ. ಆಚೆಗೊಂದು ತಟ್ಟೆ, ಈಚೆಗೊಂದು, ನಡುವೆ ದಂಡಿ.
ಎ ಬಾ, ಬಿ ಬಾ ಎಂದು ಇಬ್ಬಿಬ್ಬರನ್ನೇ ಕರೆದು ತೂಗುತ್ತದೆ,
ನಲವತ್ತೊಂದು ಜನರನ್ನೂ
ಆ ಎರಡೇ ಹೆಸರಲ್ಲಿ.
ದ್ಯಾವಮ್ಮ ಮೇಲೇರಿದಳು.
"ಎರಡನೇರಿಗೂ ಕುಕ್ಕರ್ ಐತಲ್ಲ," ಎಂದು
ಜೈಬುನ್ನಿಸಾ ಮೊರ ಎತ್ತಿಕೊಂಡಳು.

ಐದನೆಯ ಜಾಗಕ್ಕೆ ಇಬ್ಬರು. ಫಿಲೋಮಿನಾ, ನೇತ್ರಾವತಿ,
ಇಬ್ಬರದೂ ಎಂಬತ್ತೆಂಟು.
ಅಕ್ಷರಮಾಲೆ ಹಿಡಿದರೆ ನೇತ್ರಾವತಿ
ಸಾಯುವ ತನಕ ಮುಂದೆ.
ಏನೂ ಬರೆಯದೆ ಬಿಟ್ಟೆ.
ಒಮ್ಮೆ ಓಡಿಸಿದರೆ ಇವಳು ಮೇಲೆ, ಇನ್ನೊಮ್ಮೆ ಅವಳು.
ಹತ್ತು ಸಲ ಓಡಿಸಿ ಹತ್ತೂ ಹಾಳೆ ಮೇಜಿನ ಮೇಲಿಟ್ಟೆ.
ಮ್ಯಾನೇಜರು ಗೊಣಗುತ್ತ ಆರು ಕುಕ್ಕರ್ ತರಿಸಿದರು.

ಪರದೆಯ ಮೇಲೆ ಒಂದು ಎಚ್ಚರಿಕೆ ಮಾತ್ರ ಉಳಿಯಿತು.
ಸಾವಂತ್ರಮ್ಮ, ಈ ವಾರ, ಬೆಲೆಯಿಲ್ಲ.
ಸೊನ್ನೆ ಅಲ್ಲ. ಸೊನ್ನೆಗೂ ಬಂದು ಕೂರಬೇಕು.
ಅವಳು ಬರಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ.
ಅವಳ ಮೊರ ಗೋಡೆಗೆ ಒರಗಿದೆ,
ಅದನ್ನು ಯಾರೂ ತೆಗೆದುಕೊಂಡಿಲ್ಲ.

ಪರ್ಲಿಗೊಂದು ಚಾಳಿ:
ಇಲ್ಲದ ವಾರದ ಒಳಗಿನ ಲೆಕ್ಕ ಕೇಳಿದರೆ ಸಾಕು,
ಕೇಳಿದ ತಪ್ಪಿಗೆ ಆ ವಾರಕ್ಕೊಂದು
ಖಾಲಿ ಡಬ್ಬಿ ಮಾಡಿ ಇಟ್ಟುಬಿಡುತ್ತದೆ.
ಕಸ ಎನ್ನುತ್ತಾರೆ ಬಲ್ಲವರು. ತಡೆಯುವ ದಾರಿಯೂ ಇದೆ.

ತಡೆಯಲಿಲ್ಲ.
ಬರುವ ವಾರದ್ದನ್ನೂ ಒಮ್ಮೆ ಕೇಳಿ,
ಯಂತ್ರ ಆರಿಸಿ,
ಗೇಟಿನ ಬೀಗದ ಕೈ ತೆಗೆದುಕೊಂಡೆ.