ಕೊಕ್ಕೆ ಯಾವ ಕಡೆಗೆ

ಕೋಲಾರದ ದೊಡ್ಡಪೇಟೆಯಲ್ಲಿ ನನ್ನದು ಕಟ್ಟು ಹಾಕುವ ಅಂಗಡಿ.
ವೆಂಕಟರಮಣ, ಮೆಕ್ಕಾ ಮದೀನಾ, ಏಸುವಿನ ಎದೆಯ ಉರಿ,
ಹಾರಕ್ಕೆ ಕಾದಿರುವ ಅಜ್ಜಂದಿರು.
ಯಾರ ತಲೆ ಯಾವ ಕಡೆಗೆಂದು
ಯಾರನ್ನೂ ಕೇಳಿದವನಲ್ಲ ನಾನು,

ಆಕೆ ಬರುವವರೆಗೆ.

ಮಸ್ಕತ್ತಿನಲ್ಲಿ ಕ್ರೇನು ಓಡಿಸುತ್ತಿದ್ದ ಜೀವರತ್ನಂ
ಅಲ್ಲಿಂದ ಕಟ್ಟಿಕೊಂಡು ಬಂದ ಹೆಂಡತಿ, ರೆಮೆದಿಯೋಸ್.
ಬೀದಿಯ ಬಾಯಲ್ಲಿ ರೆಮ್ಮಕ್ಕ.
ಫಿಲಿಪೀನ್ಸಿನವಳು. ಯಾವೂರಮ್ಮ ಎಂದರೆ
"ಇಲೋಯ್ಲೊ" ಅನ್ನುವಳು.
"ಇಲ್ಲೇ" ಅಂದಳೆಂದುಕೊಂಡ ಸೀಬೆಹಣ್ಣಿನವಳು
ಮಾಲೂರಾ, ಮುಳಬಾಗಿಲಾ ಎಂದು ಬಿಡದೆ ಕೇಳಿದ್ದಳು.

ಮೊದಲ ಸಲ ತಂದದ್ದು ಬಾಗಿಲಗಲದ ಬಟ್ಟೆ.
ಕೆಮ್ಮಣ್ಣಿನ ಮೇಲೆ ಕರಿ, ಕರಿಯ ಮೇಲೆ ಮತ್ತೆ ಕೆಮ್ಮಣ್ಣು,
ಒಗೆಯುವ ಕಲ್ಲಿನ ಮೇಲೆ ಹರಡಿ
ಈಚಲ ಪೊರಕೆಯಲ್ಲಿ ಎಳೆದ ಗೀರು,
ಮೂಲೆಯಲ್ಲಿ, ಲಾರಿ ಚಕ್ರ ಹತ್ತಿದ ಟೊಮೇಟೊದಂಥದು ಒಂದು.
ಏನಮ್ಮ ಇದು?
"ಬುಧವಾರ."

ಸರಿ, ಕೊಕ್ಕೆ ಯಾವ ಕಡೆಗೆ?
ತಿರುಗಿಸಿದಳು, ಇನ್ನೊಮ್ಮೆ ತಿರುಗಿಸಿದಳು,
ನನ್ನ ಕೈಗೇ ಕೊಟ್ಟಳು:
"ನೀನು ಹಿಡಿ. ಎಲ್ಲಿ ಹಗುರವೋ ಅದು ಮೇಲೆ."
ಹಿಡಿದೆ. ಮೂವತ್ತು ವರ್ಷ ಮೊಳೆ ಹೊಡೆದ ಕೈ
ಬಣ್ಣಕ್ಕೂ ತೂಕವಿದೆಯೆಂದು ಅವತ್ತು ನಂಬಿತು.
ಮಾರನೆಯ ದಿನ ನಂಬಲಿಲ್ಲ.

ಮಾರಿದ್ದು ಎಷ್ಟೋ, ನನಗೆ ಗೊತ್ತಿರುವುದು ಒಂದು.
ಬ್ಯಾಂಕಿನ ಮ್ಯಾನೇಜರು ದೂರ ನಿಂತು ನೋಡಿ
"ಅಂತರಗಂಗೆ ಬೆಟ್ಟ ಅಲ್ಲವೇ" ಅಂದರು.
ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ,
ಕಂಡದ್ದಕ್ಕೆ ನೂರು ರೂಪಾಯಿ ಬಿಟ್ಟಳು.

ಕೆಲಸ ಮುಗಿದರೂ ಹೋಗುತ್ತಿರಲಿಲ್ಲ.
ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳ ಪಕ್ಕ
ಕುಕ್ಕರುಗಾಲಲ್ಲಿ ಕೂತು ಅಂಚಿನಿಂದ ಒಳಗೆ ನೋಡುವಳು.
ಎದುರಿಗೆ ನಿಂತರೆ ಗಾಜಿಗೆ ಬಣ್ಣವೇ ಇಲ್ಲ.
ಅಂಚಿನಲ್ಲಿ ಮಾತ್ರ ಹಸಿರು,
ಹಾಳೆ ಸೇರಿದಷ್ಟೂ ಆಳ.
ನಿಮ್ಮೂರ ನೀರು ಹೀಗೇನಮ್ಮ? ಕೇಳಿಯೇಬಿಟ್ಟೆ.
"ಸುಮ್ಮನಿರು ಬಷೀರಣ್ಣ" ಅಂದಳು, ತಿರುಗದೆ.
ಆ ಹಸಿರು ಒಂದು ಬಟ್ಟೆಯ ಮೇಲೂ ಬರಲಿಲ್ಲ.
ನಾನು ಹುಡುಕಿದ್ದೇನೆ.

ಹೋದ ವರ್ಷ ಜೀವರತ್ನಂ ಒಂದು ಫೋಟೊ ಹಿಡಿದು ಬಂದ.
ಪಾಸ್‌ಪೋರ್ಟಿನದು. ಹಿಗ್ಗಿಸಿ ಕಣ್ಣೆಲ್ಲ ಚುಕ್ಕಿಚುಕ್ಕಿ.
ಇದಕ್ಕೆ ಮೇಲಿದೆ, ಕೆಳಗಿದೆ.
ಕೊಕ್ಕೆ ಎಲ್ಲಿಗೆಂದು ಗೊತ್ತಿದ್ದೂ
ಸುಮಾರು ಹೊತ್ತು ಕೈಯಲ್ಲೇ ಹಿಡಿದಿದ್ದೆ.
ಎಲ್ಲ ಕಡೆಯೂ ಒಂದೇ ಭಾರ.

ಕಡೆಯ ಬಟ್ಟೆಯೊಂದು ಅಂಗಡಿಯಲ್ಲೇ ಉಳಿದಿದೆ,
ಕೂಲಿ ಇನ್ನೂರೈವತ್ತು ಬಾಕಿ.
ನಾಲ್ಕೂ ಕಡೆ ಕೊಕ್ಕೆ ಹೊಡೆದಿದ್ದೇನೆ,
ಕಸ ಗುಡಿಸುವಾಗ ನೆನಪಾದರೆ ತಿರುಗಿಸುತ್ತೇನೆ.

ಮೊನ್ನೆ ಮೊಮ್ಮಗಳು ಸ್ಕೂಲಿಂದ ಬಂದವಳೇ
ಬ್ಯಾಗು ಇಳಿಸದೆ ಕೇಳಿದಳು, ಇದೇನು ತಾತ?
ಬುಧವಾರ, ಅಂದೆ.
ಇವತ್ತು ಶನಿವಾರ, ಅಂದಳು.