ಮೀನೂ ಕೇಳಿದ್ದರಂತೆ

ಬೋಳಾರದ ಮುಚ್ಚಿದ ಹೆಂಚಿನ ಕಾರ್ಖಾನೆಯಲ್ಲಿ
ಕಾವಲುಗಾರನ ಕೋಣೆ. ಅಲ್ಲೇ ನನ್ನ ಸಂಜೆಪಾಠ.
ಎಂಟನೇ ಕ್ಲಾಸಿನ ಒಂಬತ್ತು ಮಕ್ಕಳು, ಒಂದು ಟ್ಯೂಬ್‌ಲೈಟು,
ಹೊಸ್ತಿಲಲ್ಲಿ ಗೆರಸೆ ಮಡಿಲಲ್ಲಿಟ್ಟು
ಬೀಡಿ ಕಟ್ಟುವ ದೂಮಕ್ಕ.
ಹೊರಗೆ ಚಿಮಿಣಿ. ತಲೆಯ ಮೇಲೊಂದು ಅಶ್ವತ್ಥದ ಸಸಿ,
ಬುಡದಲ್ಲಿ ಬಿಲ್ಡರನು ಎಳೆಸಿದ ಸುಣ್ಣದ ಗೆರೆ.

ಇವತ್ತು ಈಜಿಪ್ಟು.

ಖುಫು ಅಂದೆ. ಮಕ್ಕಳು ನಕ್ಕರು.
ಇಪ್ಪತ್ತಮೂರು ಲಕ್ಷ ಕಲ್ಲು ಪೇರಿಸಿದವನ ಮೂರ್ತಿ
ಇಡಿಯಾಗಿ ಸಿಕ್ಕಿದ್ದು ಒಂದೇ,
ದಂತದ್ದು, ಮೂರು ಇಂಚು.
"ಬಂಗುಡೆಗಿಂತ ಸಣ್ಣದಾ?" ಹೊಸ್ತಿಲಿಂದ ದೂಮಕ್ಕ.
ಸಣ್ಣದು.
"ಹಾಗಾದರೆ ಸಾರಿಗೆ ಸಾಲದು."

ಕಲ್ಲೆಳೆದವರ ಗುಂಪಿಗೊಂದು ಹೆಸರಿತ್ತು, ಅಂದೆ.
ಯಾರೂ ನೋಡದ ಕಲ್ಲಿನ ಒಳಮೈಗೆ
ಕೆಂಪು ಬಣ್ಣದಲ್ಲಿ ಬರೆದಿಟ್ಟು ಹೋದರು:
ಖುಫುವಿನ ಗೆಳೆಯರು. ಮೆಂಕೌರೆಯ ಕುಡುಕರು.
"ನಮ್ಮಲ್ಲೂ ಇದ್ದರು, ಎರಡನೇ ಭಟ್ಟಿಯ ಗಂಡಸರು.
ಬರೆದಿಡಲಿಲ್ಲ, ಅಷ್ಟೆ."

ಹತ್‌ಶೆಪ್ಸುತ್ ಹೆಣ್ಣು. ಗಡ್ಡ ಕಟ್ಟಿಕೊಂಡು ಆಳಿದಳು.
ಸತ್ತ ಮೇಲೆ ಗೋಡೆಗೋಡೆಯಿಂದ
ಅವಳ ಹೆಸರನ್ನು ಉಳಿ ಹಿಡಿದು ಕಿತ್ತರು.
ದೂಮಕ್ಕನಿಗೆ ಇದೇನೂ ಹೊಸತಲ್ಲ.
ಕಂಪೆನಿ ಕೈಬದಲಾದ ವರ್ಷ
ಅಚ್ಚಿನೊಳಗಿನ ಹಳೆ ಹೆಸರಿಗೆ ಅರ ಹಾಕಿದವನು
ಅವಳ ಗಂಡ ಐತಪ್ಪನೇ.
ಪೂರ್ತಿ ಹೋಗಲಿಲ್ಲವಂತೆ. ಹೊಸ ಧಣಿಯ ನಕ್ಷತ್ರದಡಿ
ಹಳೆ ಧಣಿಯ ಒತ್ತಕ್ಷರವೊಂದು ಬಾಲ ಚಾಚಿದ ಹೆಂಚು
ಇನ್ನೂ ಉಂಟು ಸುತ್ತಲಿನ ಮಾಡುಗಳಲ್ಲಿ.

ರಾಮ್ಸೆಸ್‌ಗೆ ಬಂದೆ. ಮೂರನೆಯವನು.
ಅವನಾಳಿಕೆಯ ಇಪ್ಪತ್ತೊಂಬತ್ತನೇ ವರ್ಷ
ಗೋರಿ ಕೊರೆಯುವವರಿಗೆ ಕೂಲಿಯ ಧಾನ್ಯ ಬರಲಿಲ್ಲ.
ಹದಿನೆಂಟು ದಿನ ಕಾದರು.
ಆಮೇಲೆ ಉಳಿ ಕೆಳಗಿಟ್ಟು, ಗೋಡೆಗಳ ದಾಟಿ ನಡೆದು,
ಎಂದೋ ಸತ್ತ ದೊರೆಯೊಬ್ಬನ ಗುಡಿಯ ಹಿಂದೆ
ಸುಮ್ಮನೆ ಕೂತುಬಿಟ್ಟರು.
ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ಸೊಪ್ಪಿಲ್ಲ,
ದೊರೆಗೆ ಹೇಳಿಕಳಿಸಿ.

ಬೀಡಿಯ ಬೆರಳು ನಿಂತಿತು.
"ಮೀನೂ ಕೇಳಿದರಾ?"
ಕೇಳಿದ್ದರಂತೆ. ಬರೆದಿಟ್ಟಿದ್ದಾರೆ.
"ನಾವು ಕೇಳಲಿಲ್ಲ ಮಾರಾಯ್ತಿ. ತುಟ್ಟಿಭತ್ಯೆ ಅಂದೆವು,
ಬೋನಸ್ಸು ಅಂದೆವು. ಮೀನು ಅಂತ ಬರೆಯಲಿಕ್ಕೆ
ಯೂನಿಯನ್ನಿನ ಗ್ರೇಶಿಯನ್ ಮಾಸ್ಟ್ರು ಬಿಡಲಿಲ್ಲ, ನಾಚಿಕೆಯಂತೆ.
ನಲವತ್ತೊಂದು ದಿನ ಕೂತದ್ದು. ಹೊಳೆ ಅಲ್ಲೇ ಇತ್ತು.
ಬಲೆ ಯಾರಲ್ಲೂ ಇರಲಿಲ್ಲ."
ಸ್ವಲ್ಪ ಬಿಟ್ಟು, "ಸಿಕ್ಕಿತಾ ಅವರಿಗೆ?"

ಹಿಂದಿನ ತಿಂಗಳದ್ದು ಸಿಕ್ಕಿತು.
ಆಮೇಲೆ ಮತ್ತೆ ಕೂತರು.

ಪ್ರಶ್ನೋತ್ತರ ಬಾಕಿಯಿತ್ತು.
ಹೆಣ ಕೆಡದಂತೆ ಏನು ಬಳಸುತ್ತಿದ್ದರು?
"ಉಪ್ಪು" ಅಂದಳು ಬೆಂಗ್ರೆಯಲ್ಲಿ ಅಜ್ಜಿಯ ಒಣಮೀನಿನ ಚಪ್ಪರವಿರುವ ಶಮೀನ,
ಪುಸ್ತಕ ತೆರೆಯದೆ.
ಬೆಕ್ಕು ಅಲ್ಲಿ ಏನಾಗಿತ್ತು? ದೇವತೆ.

ಅಷ್ಟಕ್ಕೆ ದೂಮಕ್ಕನಿಗೆ ನಗು ತಡೆಯಲಿಲ್ಲ.
ಒಂದು ಬೆಕ್ಕು, ಹೆಸರಿಲ್ಲದ್ದು, ಒಲೆಬೂದಿಯಲ್ಲಿ ಮಲಗುವಂಥದ್ದು,
ಒಣಗಲಿಟ್ಟ ಹಸಿ ಹೆಂಚುಗಳ ಮೇಲೆ
ಹದಿಮೂರರುದ್ದ ನಡೆದುಹೋಗಿತ್ತು ಒಂದು ರಾತ್ರಿ.
ಹದಿಮೂರರ ಕೂಲಿ ಹಿಡಿದರು.
ಹನ್ನೆರಡನ್ನು ಕಲಸಿ ಮಣ್ಣಿಗೇ ಸೇರಿಸಿದರು.
ಒಂದು ಹೇಗೋ ಬೆಂದಿತು, ಸೆರಗಿನಡಿ ಮನೆಗೆ ಬಂತು.

ಅಡುಗೆಕೋಣೆಯ ಮೇಲುಂಟು ಈಗಲೂ.
ಕೆಳಗೆ ನಿಂತು ಕತ್ತೆತ್ತಿದರೆ ಕಾಣುವುದು ಧಣಿಯ ಮೊಹರು ಮಾತ್ರ.
ಪಾದ ನಾಲ್ಕೂ ಮೇಲುಗಡೆ,
ಕಾಗೆ ನೋಡಿರಬಹುದು.

ಮಕ್ಕಳು ಚಪ್ಪಲಿ ಹುಡುಕುತ್ತಿದ್ದವು.
ಗುರುವಾರ ಚಿಮಿಣಿ ಇಳಿಸುತ್ತಾರೆ, ಪಾಠ ಬೇರೆ ಕಡೆ
ಅಂತ ಹೇಳಬೇಕಿತ್ತು. ಹೇಳಿದೆ.
ದೂಮಕ್ಕ ಕಟ್ಟು ಎಣಿಸುತ್ತಾ ಕೇಳಿದಳು:
"ಆ ಮೂರು ಇಂಚಿನವ ಈಗ ಎಲ್ಲಿ?"
ಕೈರೋದಲ್ಲಿ.
"ಗಾಜಿನ ಪೆಟ್ಟಿಗೆಯಲ್ಲಾ?"
ಹೌದು.
"ಪಾಪ" ಅಂದಳು,
ಗೆರಸೆ ಸೊಂಟಕ್ಕೇರಿಸಿ.