ಬಟ್ಟು ಹತ್ತವಲ್ದು

"ಇನ್ನೊಮ್ಮಿ ಒರೆಸಿ ಇಡು" ಅಂದ ರೇಷನ್ ಅಂಗಡಿ ಅಣ್ಣೆಪ್ಪ.
ಸೆರಗಿಗಿ ಒರೆಸಿ ಇಟ್ಟೆ.
ಮಿಷನ್ನು ಕೆಂಪು ದೀಪ ಬಿಟ್ಟು ಒಲ್ಲೆ ಅಂತು.
ತಲಿ ಎಣ್ಣಿಗಿ ತಿಕ್ಕಿ ಇಟ್ಟೆ,
ಹಿಂದ ನಿಂತಾಕಿ ಕೊಟ್ಟ ನಿಂಬಿಸಿಪ್ಪಿ ಹಚ್ಚಿ ಇಟ್ಟೆ.
ಒಲ್ಲೆ.

ಹತ್ತೊಂಬತ್ತು ವರ್ಷಾತು
ಕಪನೂರ ದಾಲ್‌ಮಿಲ್ಲಿನಾಗ ಬ್ಯಾಳಿ ಹಸನ ಮಾಡ್ಲತ್ತು.
ಕಲ್ಲು ಒಂದ್ಕಡಿ, ನುಚ್ಚು ಒಂದ್ಕಡಿ, ಹೊಟ್ಟು ಒಂದ್ಕಡಿ.
ನನ್ನ ಹೆಬ್ಬಟ್ಟಿನ ಗೆರಿ ಯಾವ ಕಡಿಗಿ ಬಿದ್ದವೋ,
ಯಾವ ಚೀಲದಾಗ ಕುಂತು ಲಾರಿ ಹತ್ತಿದವೋ,
ಕಂಡರಿಯದ ಊರಾಗ ಯಾರ ಸಾರಿನಾಗ
ಕುದ್ದು ಕರಗಿದವೋ.

ತೊಗರಿ ಊರಾಗ ಇದ್ದು
ಪಾವ್ ಕಿಲೋ ಬ್ಯಾಳಿಗಿ ಎರಡ್ಸಲ ರೇಟು ಕೇಳ್ತೀನಿ.
ಜೋಡಿ ಕೂಡಾಕಿ ಕಾಶಿಬಾಯಿ ನಗ್ತಾಳ:
"ದಿನಾ ಕ್ವಿಂಟಲ್‌ಗಟ್ಲೆ ಮುಟ್ತಿ,
ಮನ್ಯಾಗ ಹುಣಸಿನೀರಿಗಿ ಒಗ್ಗರಣಿ ಕೊಡ್ತಿ."

ಎರಡು ಸಾವಿರ ಬರ್ತದ, ಸುಳ್ಯಾಕ ಹೇಳ್ಲಿ.
ಒಂದೊಂದು ತಿಂಗಳು ಬರಂಗಿಲ್ಲ,
ಮುಂದ ಎರಡು ತಿಂಗಳದು ಕೂಡೇ ಬರ್ತದ, ಭಿಶಿ ಎತ್ತಿದಂಗ.
ಒಬ್ಬಾಕಿ ಫೋನು ಟಿಣ್ ಅಂದ್ರ ಓಣಿಗಿ ಓಣಿನೇ
ಹೊಸ್ತಿಲಕ್ಕ ಬಂದು ನಿಂದರ್ತದ:
ನಿಂಗ ಬಂತಾ? ನಿಂಗ ಬಂತಾ?
ಮೊದಲ ಸಲ ಬಂದಾಗ
ಬ್ಯಾಂಕಿನ ಪುಸ್ತಕದಾಗ ನನ್ನದೇ ಹೆಸರು, ಜಗದೇವಿ,
ಅಚ್ಚಿನ ಅಕ್ಷರದಾಗ.
ಮನಿಗಿ ಬರೂತನಾ ಮೂರ್ಸಲ ತಗದು ನೋಡಿದ್ದೆ.

ಆಗ ಎರಡು ಸಾವಿರ ದೊಡ್ಡದಿತ್ತು.
ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರಲ್ಲ,
ಕಾಲು ಇದ್ದಷ್ಟೇ ಅವ,
ಹಾಸಿಗಿನೇ ಒಗದ ಹಾಂಗ ಗಿಡ್ಡ ಆಗ್ಲತ್ತಾದ.
ಸಿಲಿಂಡರಿಗಿ ಜಗ್ಗಿದ್ರ ಮನಿ ಬಾಡಗಿ ಹೊರಗ,
ಬಾಡಗಿಗಿ ಜಗ್ಗಿದ್ರ
ಸಣ್ಣಾಕಿ ಕೆಮ್ಮಿನ ಔಷಧ.

ಮಾಲಕ ಫೋನಿನಾಗ ಅಂತಿದ್ದ, ನನ್ನ ಮುಂದೇ ನಿಂತು:
"ಪುಕ್ಕಟೆ ಅಕ್ಕಿ, ಪುಕ್ಕಟೆ ಬಸ್ಸು, ಪುಕ್ಕಟೆ ಕರೆಂಟು,
ಹೆಣ್ಣಾಳು ಯಾರು ಬರ್ತಾರ್ರೀ ಈಗ?"
ಇಲ್ಲೇ ಇದ್ದೀನ್ರಿ ಅನ್ಬೇಕಂದೆ.
ಅವನ ಬೂಟು ನನ್ನ ಬ್ಯಾಳಿ ರಾಶಿ ಮ್ಯಾಲಿತ್ತು.
ಅಂವ ಹೋದ ಮ್ಯಾಲ
ಅಷ್ಟು ಬ್ಯಾಳಿ ಮತ್ತ ಹಸನ ಮಾಡ್ದೆ.

ಪುಕ್ಕಟೆ ಬಸ್ಸಿನಾಗ ಒಮ್ಮಿ ಹೋಗೀನಿ, ಖರೇ,
ಏನೂ ಕೆಲಸ ಇಲ್ದೇ.
ಜೇವರ್ಗಿಯಾಗ ಅಕ್ಕನ ಮನಿ.
ಹನ್ನೊಂದು ವರ್ಷದ ಮಾತು ಕಟ್ಟಿ ಇಟ್ಟಿದ್ಲು,
ಎರಡು ಸಲ ಚಾ ಆತು, ಹೊತ್ತು ಮುಳುಗಿತು.
ತಿರುಗಿ ಬರುವಾಗ ಸೊನ್ನಿ ರೂಪಾಯಿ ಟಿಕೇಟು
ಮಡಚಿ ಕುಬಸದಾಗ ಇಟ್ಟೆ.
ಇದನ್ನ ಯಾವ ಲೆಕ್ಕದಾಗ ಬರಿತಾರೋ ಸರಕಾರದಾಗ.

"ಬಟ್ಟು ಬಿಡವ್ವ" ಅಂದ ಅಣ್ಣೆಪ್ಪ,
ಒಳಗಿಂದ ಒಂದು ಕರಿ ಡಬ್ಬಿ ತಂದ,
"ಕಣ್ಣು ತೋರ್ಸು. ಪಿಳಕಿಸಬ್ಯಾಡ."
ಇಷ್ಟು ದಿನ ನಾ ಕಣ್ಣಿಟ್ಟು ಅದರ ದಾರಿ ಕಾಯ್ತಿದ್ದೆ,
ಇವತ್ತು ಅದೇ ಬಂದು
ನನ್ನ ಕಣ್ಣಾಗ ಹಣಿಕಿ ಹಾಕ್ತು.
ಏನು ಕಂಡಿತೋ. ಬ್ಯಾಳಿ ಧೂಳು,
ಮೂರು ದಿನದ ಕೆಂಪು.
ನೋಡಿದ್ರ ನೋಡ್ಲಿ ಅಂತ
ಇನ್ನಷ್ಟು ಅಗಲ ತೆರದೆ, ನೀರು ಬರೂತನಾ.
"ಬಂತು, ಬಂತು" ಅಂದ.
ಹಸಿರು ದೀಪ. ತಕ್ಕಡಿ. ಚೀಟಿ.

ಅಕ್ಕಿ ನಮಗ ಅಷ್ಟು ಹಿಡಿಯಂಗಿಲ್ಲ.
ಅರ್ಧ ಮೆಹಬೂಬಿಗಿ ಕೊಟ್ಟು ಜೋಳ ತರ್ತೀನಿ.
ಕಾಯ್ದಿಗಿ ಗೊತ್ತಾದ್ರ ತಪ್ಪಂತ.
ರೊಟ್ಟಿಗಿ ಅದೇನೂ ಗೊತ್ತಿಲ್ಲ,
ತಾ ಉಬ್ಬೋದು ಉಬ್ತದ.

ಸಂಜಿಮುಂದ ಕರೆಂಟು ಹೋತು.
ಕತ್ತಲದಾಗೇ ಮರದಾಗ ಅಕ್ಕಿ ಸುರುವಿಕೊಂಡೆ,
ಇನ್ನೊಬ್ಬರ ಮನಿಗಿ ಹೋಗೋ ಅಕ್ಕಿ, ಕಲ್ಲಿರಬಾರ್ದು.
ಹೆಬ್ಬಟ್ಟು ತಾನೇ ಹುಡುಕ್ಕೋತ ಹೋತು,
ಒಂದು, ಎರಡು, ಒಂಬತ್ತು.
ಹತ್ತನೇದು ಹಿಡದು ಒಂದ್ಗಳಿಗಿ ನಿಂತಿತು.
ಕಲ್ಲಲ್ಲ, ಅಕ್ಕಿನೇ.
ವಾಪಸ್ ಹಾಕ್ತು.